ತಾರೀಕಪ್ಪನ ಸೋಮವಾರ

ಆಫೀಸಿನಲ್ಲಿ ಎಲ್ಲರೂ ಅವನನ್ನು ತಾರೀಕಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೊದಮೊದಲು ಮುಖ ಸಿಂಡರಿಸುತ್ತಿದ್ದ. ಬರಬರುತ್ತಾ ತಾನೇ ಫೋನೆತ್ತಿ "ಹಲೋ, ತಾರೀಕಪ್ಪ ಮಾತಾಡ್ತಿರೋದು" ಎನ್ನುವ ಮಟ್ಟಕ್ಕೆ ಬಂದಿದ್ದ.

ಅವನ ಕಂಪನಿ ಇದ್ದದ್ದು ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಆಸ್ಪತ್ರೆ, ಹೋಟೆಲು, ಕಾರ್ಖಾನೆಗಳಲ್ಲಿ ಯಾರಿಗೆ ಯಾವತ್ತು ಯಾವ ಪಾಳಿ ಎಂದು ಫೋನಿನಲ್ಲಿ ತೋರಿಸುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ಸಾಫ್ಟ್‌ವೇರ್ ಒಂದೇ, ಅದು ಹೋಗುವ ದೇಶಗಳು ಹತ್ತಾರು. ಒಂದು ಕಡೆ ದಿನವನ್ನು ಮೊದಲು ಬರೆದರೆ ಇನ್ನೊಂದು ಕಡೆ ತಿಂಗಳು ಮೊದಲು, ಮತ್ತೊಂದು ಕಡೆ ವರ್ಷವೇ ಮುಂದೆ ಬಂದು ಕೂರುತ್ತದೆ. ಒಂದೂರಿನವರಿಗೆ ಮಧ್ಯಾಹ್ನ ಹನ್ನೆರಡಾದ ಮೇಲೆ ಹದಿಮೂರು, ಇನ್ನೊಂದೂರಿನವರಿಗೆ ಮತ್ತೆ ಒಂದು. ಒಂದು ಭಾಷೆಯ ತಿಂಗಳ ಹೆಸರು, ಬಿಗಿ ಅಂಗಿಯಿಂದ ಹೊಟ್ಟೆ ಇಣುಕಿದ ಹಾಗೆ, ಪರದೆಯ ಮೇಲಿನ ಚೌಕದಿಂದ ಆಚೆ ಬರುತ್ತದೆ. ಇನ್ನೊಂದು ಭಾಷೆಯಲ್ಲಿ ತಿಂಗಳ ಪಕ್ಕ ಅಂಕಿ ಬಂದರೆ ಹೆಸರಿನ ಬಾಲವೇ ಬದಲಾಗುತ್ತದೆ. ಇವೆಲ್ಲವನ್ನೂ ಅವರವರಿಗೆ ಒಗ್ಗುವ ಹಾಗೆ ತೋರಿಸುವುದೇ ತಾರೀಕಪ್ಪನ ಕೆಲಸ.

ಅವನೇನೂ ಬೇಡಿಕೊಂಡು ಪಡೆದದ್ದಲ್ಲ. ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವನು ಒಂದು ದಿನ ರಾಜೀನಾಮೆ ಕೊಟ್ಟು ಹೊರಟುಹೋದ. ಕಂಪನಿಯ ಒಡತಿ ಎಲ್ಲರನ್ನೂ ಕೂರಿಸಿಕೊಂಡು "ಎರಡು ವಾರ ಯಾರಾದ್ರೂ ಇದನ್ನ ನೋಡ್ಕೊಳ್ತೀರಾ?" ಎಂದು ಕೇಳಿದಾಗ ಉಳಿದವರೆಲ್ಲ ನೆಲ ನೋಡಿದರು. ಬೂಟಿನ ದಾರ ಕಟ್ಟುತ್ತಿದ್ದ ಇವನು ಅದೇ ಹೊತ್ತಿಗೆ ತಲೆ ಎತ್ತಿದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಎರಡು ವಾರ ಎಂದದ್ದು ಒಂಬತ್ತು ವರ್ಷವಾಯಿತು. ಸರಿಯಿದ್ದರೆ ಯಾರ ಕಣ್ಣಿಗೂ ಬೀಳದ, ತಪ್ಪಿದರೆ ಎಲ್ಲರ ಬಾಯಿಗೂ ಬೀಳುವ ಕೆಲಸ ಅದು. ಮಾಡಿ ಮಾಡಿ ಅವನಿಗೆ ಎಂಥದೋ ಸುಸ್ತು ಅಂಟಿಕೊಂಡಿತ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಬಟ್ಟೆ ಹಳತಾಗುತ್ತದಲ್ಲ, ಆ ಥರದ್ದು.

ಹೆಂಡತಿ ಊರಿನ ಆ ತುದಿಯ ದೊಡ್ಡಾಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ನರ್ಸು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಗಂಡ ಹೆಂಡತಿ ಹೆಚ್ಚಾಗಿ ಭೇಟಿಯಾಗುತ್ತಿದ್ದದ್ದು ಹೊಸ್ತಿಲಲ್ಲಿ: ಒಬ್ಬರ ಚಪ್ಪಲಿ ಒಳಗೆ ಬಂದರೆ ಇನ್ನೊಬ್ಬರದು ಹೊರಗೆ. ಅವನಿಗೆ ಭಾನುವಾರ ರಜೆ. ಅವಳ ರಜೆ ಒಂದೊಂದು ವಾರ ಒಂದೊಂದು ದಿನಕ್ಕೆ ಜಾರುತ್ತಿತ್ತು. ಆ ಜಾರಾಟವನ್ನು ಅವಳಿಗೆ ತಿಳಿಸುತ್ತಿದ್ದದ್ದೂ ಅವನ ಕಂಪನಿಯ ಸಾಫ್ಟ್‌ವೇರೇ. ಆಸ್ಪತ್ರೆಯವರಿಗೆ ಅದನ್ನು ಪರಿಚಯ ಮಾಡಿಕೊಟ್ಟವನು ಬೇರೆ ಯಾರೂ ಅಲ್ಲ, ಅವನೇ.

ಅವರ ಮನೆಯ ಹಾಸಿಗೆ ನಡುವೆ ತಗ್ಗು ಬಿದ್ದಿತ್ತು. ಯಾವ ಮಗ್ಗುಲಿಗೆ ಮಲಗಿದರೂ ಇಬ್ಬರೂ ಉರುಳಿ ಗುಂಡಿಗೆ ಬೀಳುತ್ತಿದ್ದರು. "ಮದುವೆಯಾದ ಹೊಸದ್ರಲ್ಲಿ ಹೀಗಾಗಿದ್ರೆ ಒಳ್ಳೇದೇ ಆಗ್ತಿತ್ತು. ಈಗ ಬರೀ ಬೆನ್ನು ನೋವು," ಎನ್ನುತ್ತಿದ್ದಳು ಅವಳು. ಹೊಸದು ತರಬೇಕೆಂದು ಎರಡು ವರ್ಷದಿಂದ ಮಾತು ನಡೆದಿತ್ತು. ಆದರೆ ಒಬ್ಬರೇ ಹೋಗಿ ತರುವ ಹಾಗಿರಲಿಲ್ಲ. "ನಾನೊಬ್ಳೇ ತಂದ್ರೆ ಕಲ್ಲಿನ ಹಾಗಿದೆ ಅಂತೀರ. ನೀವೊಬ್ರೇ ತಂದ್ರೆ ಹಿಟ್ಟಿನ ಮುದ್ದೆ ಹಾಗಿದೆ ಅಂತ ನಾನಂತೀನಿ. ಇಬ್ರೂ ಮಲಗಿ ನೋಡಿ ತರೋಣ." ಇಬ್ಬರೂ ಒಟ್ಟಿಗೆ ಬಿಡುವಾಗುವ ದಿನ ಮಾತ್ರ ಬರಲೇ ಇಲ್ಲ.

ಹೀಗಿರುವಾಗ ದೂರದೇಶದ ಒಂದು ಹೋಟೆಲಿನವರಿಂದ ದೂರು ಬಂತು. "ನಮ್ಮಲ್ಲಿ ವಾರ ಸೋಮವಾರ ಶುರುವಾಗುತ್ತದೆ. ನೀವು ಭಾನುವಾರದಿಂದ ತೋರಿಸುತ್ತೀರಿ. ಇದೇನು ನ್ಯಾಯ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹಿಂದಿನವನು ಎಲ್ಲ ದೇಶಕ್ಕೂ ಭಾನುವಾರವನ್ನೇ ಮೊಳೆ ಹೊಡೆದು ಕೂರಿಸಿ ಹೋಗಿದ್ದ. ಯಾವ ದೇಶದಲ್ಲಿ ವಾರ ಯಾವ ದಿನ ಶುರು ಎಂದು ತಿಳಿಸುವ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ; ಸಾಫ್ಟ್‌ವೇರ್ ಅದನ್ನು ಓದಿಕೊಳ್ಳುವ ಹಾಗೆ ಮಾಡಿದರೆ ಮುಗಿಯಿತು. ತಾರೀಕಪ್ಪ ಒಂದು ಮಧ್ಯಾಹ್ನದಲ್ಲಿ ಅದನ್ನು ಮಾಡಿ ಮುಗಿಸಿದ. ಸುಮ್ಮನೆ ನೋಡೋಣವೆಂದು ಪಟ್ಟಿಯಲ್ಲಿ ತನ್ನ ದೇಶವನ್ನು ಹುಡುಕಿದ. ಅದರ ಮುಂದೆಯೂ ಸೋಮವಾರ ಎಂದಿತ್ತು. ತಲೆ ಎತ್ತಿ ಗೋಡೆಯ ಕ್ಯಾಲೆಂಡರ್ ನೋಡಿದ. ಅಲ್ಲಿ ಭಾನುವಾರ ಕೆಂಪು ಬಣ್ಣ ಬಳಿದುಕೊಂಡು ಎಡಗಡೆ ಮೊದಲ ಸಾಲಿನಲ್ಲಿ ನಿಂತಿತ್ತು.

ಅವನಿಗೆ ಒಂದು ಗಳಿಗೆ ಅನುಮಾನ ಬಂತು. ಕೇಳಬೇಕೆಂದರೆ ಒಡತಿಗೆ ಬರೆಯಬೇಕು, ಅವರು ಸಭೆ ಕರೆಯುತ್ತಾರೆ, ಸಭೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟುತ್ತದೆ. ನೆನೆಸಿಕೊಂಡೇ ಅವನ ಭುಜ ಜೋತುಬಿತ್ತು. ಪಟ್ಟಿ ಮಾಡಿದವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಬಿಡು, ಎಂದುಕೊಂಡ. ಶುಕ್ರವಾರ ಸಂಜೆ ಬದಲಾವಣೆ ಎಲ್ಲ ದೇಶಗಳಿಗೂ ಹೋಯಿತು.

ಶನಿವಾರ ಮನೆಗೆ ಬಂದ ಹೆಂಡತಿ ಬಾಗಿಲಲ್ಲೇ ಹೇಳಿದಳು: "ರೀ, ಈ ಸಲ ನಂಗೆ ಸೋಮವಾರ ರಜ. ನೀವೂ ಹಾಕಿಬಿಡಿ. ಹಾಸಿಗೆ ನೋಡ್ಕೊಂಡು ಬರೋಣ."

"ಸೋಮವಾರನಾ? ಒಡತಿ ಮುಖ ಊದಿಸ್ಕೊಳ್ತಾರೆ."

"ಊದಿಸ್ಕೊಳ್ಲಿ. ಒಂಬತ್ತು ವರ್ಷದಲ್ಲಿ ಒಂದು ಸೋಮವಾರ ಕೇಳೋದು ತಪ್ಪಾ?"

ಅವನು ರಜೆ ಕೇಳಿದ, ಸಿಕ್ಕಿತು. ಭಾನುವಾರ ಅವಳು ಎಂದಿನಂತೆ ಕೆಲಸಕ್ಕೆ ಹೋಗಿ ಬಂದಳು. ಸೋಮವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹಿಡಿದು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತರು.

ಅಂಗಡಿಯ ಒಳಮನೆಯಲ್ಲಿ ಹಾಸಿಗೆಗಳನ್ನು ಸಾಲಾಗಿ ಹಾಸಿದ್ದರು. ಅಂಗಡಿಯವನು ಮಾತುಗಾರ. "ಕೈಯಲ್ಲಿ ಒತ್ತಿ ನೋಡಿದ್ರೆ ಗೊತ್ತಾಗಲ್ಲ ಸಾರ್. ಮಲಗಿ. ಇಬ್ಬರೂ ಮಲಗಿ. ಇದೇನು ನಾಚಿಕೆ ಪಡೋ ವಿಷಯ ಅಲ್ಲ," ಎಂದ. ಅವಳು ಚಪ್ಪಲಿ ಬಿಟ್ಟು ಒಂದು ಬದಿಯಲ್ಲಿ ಮಲಗಿದಳು. ಅವನು ಇನ್ನೊಂದು ಬದಿಯಲ್ಲಿ. ಎಷ್ಟೋ ದಿನದ ಮೇಲೆ ಇಬ್ಬರೂ ಉರುಳದೆ, ಅವರವರ ಜಾಗದಲ್ಲಿ, ನೆಟ್ಟಗೆ ಮಲಗಿದ್ದರು.

"ಹೇಗಿದೆ?" ಎಂದ ಅವನು.

"ಚೆನ್ನಾಗಿದೆ. ಸ್ವಲ್ಪ ಹೊತ್ತು ಮಾತಾಡಬೇಡಿ."

ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಅಂಗಡಿಯವನು ಬೇರೆ ಗಿರಾಕಿಯನ್ನು ಮಾತಾಡಿಸಿ ಬರುವಷ್ಟರಲ್ಲಿ ಇಬ್ಬರಿಗೂ ಗಾಢ ನಿದ್ದೆ. ಅವನಿಗೆ ಎಬ್ಬಿಸಲು ಮನಸ್ಸಾಗಲಿಲ್ಲವೋ, ಮಲಗಿದವರನ್ನು ತೋರಿಸಿದರೆ ವ್ಯಾಪಾರಕ್ಕೆ ಒಳ್ಳೆಯದೆಂದುಕೊಂಡನೋ, ಅಂತೂ ಹಾಗೇ ಬಿಟ್ಟ.

ಎಬ್ಬಿಸಿದ್ದು ಅವಳ ಫೋನು. ಆ ಕಡೆ ವಾರ್ಡಿನ ದೊಡ್ಡ ಸಿಸ್ಟರ್. ದನಿ ಪಕ್ಕದಲ್ಲಿದ್ದವನಿಗೂ ಕೇಳುವಷ್ಟು ಜೋರಾಗಿತ್ತು.

"ಎಲ್ಲಿದೀಯಮ್ಮಾ? ಹೊತ್ತೆಷ್ಟಾಯ್ತು ಗೊತ್ತಾ?"

"ಸಿಸ್ಟರ್, ಇವತ್ತು ನಂಗೆ ರಜ..."

"ನಿಂಗೆ ರಜ ನಾಳೆ! ಏನಾಗಿದೆ ನಿಮಗೆಲ್ಲ? ಬರಬೇಕಾದವರು ನಾಲ್ಕು ಜನ ಬಂದಿಲ್ಲ. ನಿನ್ನೆ ಚಕ್ಕರ್ ಹೊಡೆದ ಇಬ್ರು ಇವತ್ತು ರಜ ಇದ್ರೂ ಬಂದು ನಿಂತಿದಾರೆ. ವಾರ್ಡೋ ಸಂತೆಯೋ?"

ಅವಳು ಗಡಬಡಿಸಿ ಎದ್ದು ಫೋನಿನಲ್ಲಿ ಪಾಳಿಯ ಪಟ್ಟಿ ತೆರೆದಳು. "ನೋಡಿ, ರಜದ ಹಸಿರು ಸೋಮವಾರಕ್ಕೇ ಇದೆ," ಎಂದು ಗಂಡನ ಮುಖಕ್ಕೆ ಹಿಡಿದಳು. ಅವನು ನೋಡಿದ. ವಾರದ ಏಳು ಚೌಕಗಳಲ್ಲಿ ಎಡದಿಂದ ಎರಡನೆಯದು ಹಸಿರಾಗಿತ್ತು. ಅದರ ತಲೆಯ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಮಂ' ಎಂದಿತ್ತು. ಶುಕ್ರವಾರದ ತನಕ ಎರಡನೆಯ ಚೌಕವೆಂದರೆ ಸೋಮವಾರ. ಈಗ ಅದು ಮಂಗಳವಾರ. ಎಲ್ಲ ದಿನಗಳೂ ಒಂದೊಂದು ಹೆಜ್ಜೆ ಎಡಕ್ಕೆ ಸರಿದು ಕೂತಿದ್ದವು, ಸರಿಸಿದವನು ಅವನೇ.

ಅಂಗಡಿಯವನು ಬಂದು "ಮಲಗಿ ನೋಡಿ ಅಂದ್ರೆ ಮಲಗೇ ಬಿಟ್ರಲ್ಲ ಸಾರ್. ಪ್ಯಾಕ್ ಮಾಡಿಸ್ಲಾ?" ಎಂದ. ಅವರು ಆಗಲೇ ಬಾಗಿಲು ದಾಟಿದ್ದರು. ಆ ಹಾಸಿಗೆಯನ್ನು ಅವರು ಕೊಳ್ಳಲೇ ಇಲ್ಲ. ಆಮೇಲೆ ಆ ಅಂಗಡಿಗೆ ಹೋಗಲು ಇಬ್ಬರಿಗೂ ಮುಜುಗರ.

ಆಸ್ಪತ್ರೆ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ಅವನು ಹೇಳಿದ: "ತಪ್ಪು ನಿಂದಲ್ಲ. ನಂದು."

ವಾರ ಎಲ್ಲಿಂದ ಶುರುವಾಗುತ್ತದೆ, ಪಟ್ಟಿಯಲ್ಲಿ ಏನಿತ್ತು, ಹೋಟೆಲಿನವರು ಏನೆಂದರು, ಎಲ್ಲ ವಿವರಿಸಿದ. ಅವಳು ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡಳು.

"ಅಂದ್ರೆ ನೀವು ಮಾಡಿದ್ದು ಸರಿ."

"ಸರಿನೇ."

"ಸರಿ ಮಾಡಿಯೂ ನಾಲ್ಕು ಜನಕ್ಕೆ ಬೈಗುಳ ತಿನ್ಸಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅವನು ಅವಳ ಜೊತೆ ವಾರ್ಡಿನ ತನಕ ಹೋದ. ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. ನಾಲ್ಕು ಜನರಿಗೂ ಮೆಮೋ ಬರೆದಾಗಿತ್ತು. ಅವನು ಕೈ ಕಟ್ಟಿಕೊಂಡು ಮತ್ತೆ ಅದೇ ಕತೆಯನ್ನು ಮೊದಲಿಂದ ಹೇಳಿದ. ಅವರು ಪೂರ್ತಿ ಕೇಳಿದರು.

"ಹಾಗಾದ್ರೆ ಮೆಮೋ ನಿಮಗೆ ಕೊಡ್ಲಾ?"

"ಕೊಡಿ."

"ನೀವು ನಮ್ಮ ನೌಕರರಲ್ವಲ್ಲ. ಅದೇ ಕಷ್ಟ," ಎಂದು ಕಾಗದಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. "ಬೆಳಿಗ್ಗೆ ಆ ಮೂಲೆ ಮಂಚದ ಅಜ್ಜಿಗೆ ಮಗ್ಗುಲು ಬದಲಿಸೋಕೆ ಒಬ್ರೂ ಸಿಗಲಿಲ್ಲ. ಎಷ್ಟೊತ್ತು ನರಳಿದ್ರು ಅಂತ ನಂಗೊತ್ತು. ಸೋಮವಾರ ಮೊದಲೋ ಭಾನುವಾರ ಮೊದಲೋ, ಅದು ನಂಗೆ ಬೇಡ. ಸರಿ ಮಾಡಿ, ಹೋಗಿ."

ಅವನು ಆ ಮೂಲೆಯ ಕಡೆ ನೋಡಿದ. ಅವನ ಹೆಂಡತಿ ಆಗಲೇ ಅಜ್ಜಿಯ ಬೆನ್ನಿನ ಕೆಳಗೆ ಕೈ ಹಾಕಿ, ಏನೋ ತಮಾಷೆ ಹೇಳುತ್ತಾ, ಮೆಲ್ಲನೆ ತಿರುಗಿಸುತ್ತಿದ್ದಳು. ಅದೇ ಹೊತ್ತಿಗೆ ಜೇಬಿನಲ್ಲಿದ್ದ ಅವಳ ಫೋನು ಗುಂಯ್ ಎಂದಿತು. ಒಂದು ಕೈಯ ಗ್ಲೌಸ್ ಕಳಚಿ, ಫೋನನ್ನು ಮಾರುದೂರ ಹಿಡಿದು, ಒಂದು ಕಣ್ಣು ಅಜ್ಜಿಯ ಮೇಲಿಟ್ಟು ಇನ್ನೊಂದರಲ್ಲಿ ಪಾಳಿಯ ಚೌಕಗಳನ್ನು ಸವರಿ, ಮತ್ತೆ ಜೇಬಿಗೆ ತುರುಕಿದಳು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಕ್ಷರವನ್ನು ಅವಳು ಓದಲೇ ಇಲ್ಲ. ಬಣ್ಣ ಯಾವ ಜಾಗದಲ್ಲಿದೆ ಎಂದಷ್ಟೇ ನೋಡಿದಳು. ಒಂಬತ್ತು ವರ್ಷ ಅವನು ಜಗತ್ತಿನ ತಾರೀಕುಗಳನ್ನೆಲ್ಲ ನೋಡಿದ್ದ. ಅವನ್ನು ಜನ ಹೇಗೆ ನೋಡುತ್ತಾರೆ ಎನ್ನುವುದನ್ನು ನೋಡಿದ್ದು ಅವತ್ತೇ ಮೊದಲು.

ರಜೆ ಹೇಗೂ ಹಾಳಾಗಿತ್ತು. ಆಫೀಸಿಗೆ ಹೋದ. ಒಡತಿ ಅಷ್ಟರಲ್ಲಿ ಇನ್ನೆರಡು ಕಡೆಯಿಂದ ಬೈಸಿಕೊಂಡಿದ್ದರು.

"ಹಳೇದನ್ನೇ ಹಾಕಿಬಿಡಿ ತಾರೀಕಪ್ಪ."

"ಹಾಕಿದ್ರೆ ಹೋಟೆಲಿನವರು ಬಿಡ್ತಾರಾ? ಅವರು ಈಗ ತಾನೇ ಥ್ಯಾಂಕ್ಸ್ ಕಳಿಸಿದಾರೆ."

"ತಲೆಗೆ ಎಳೆದ್ರೆ ಕಾಲಿಗಿಲ್ಲ, ಕಾಲಿಗೆ ಎಳೆದ್ರೆ ತಲೆಗಿಲ್ಲ," ಎಂದು ಒಡತಿ ಕುರ್ಚಿಗೆ ಒರಗಿದರು. ಅವರೂ ದಣಿದಿದ್ದರು ಎಂದು ಅವನಿಗೆ ಆಗ ಕಂಡಿತು.

ಅವತ್ತು ರಾತ್ರಿಯೊಳಗೇ ಅವನು ಎರಡು ಕೆಲಸ ಮಾಡಿ ಕಳಿಸಿದ. ವಾರ ಯಾವ ದಿನ ಶುರುವಾಗಬೇಕೆಂದು ಆಯಾ ಆಸ್ಪತ್ರೆ, ಆಯಾ ಹೋಟೆಲು ತಾನೇ ಆರಿಸಿಕೊಳ್ಳಲಿ, ಹೇಳದೆ ಕೇಳದೆ ಬದಲಾಗದಿರಲಿ ಎಂದು ಒಂದು ಆಯ್ಕೆ ಇಟ್ಟ. ಎರಡನೆಯದಾಗಿ, ತಲೆಯ ಮೇಲಿದ್ದ ಒಂಟಕ್ಷರವನ್ನು ತೆಗೆದು ವಾರದ ಹೆಸರನ್ನು ಚೌಕದ ಒಳಗೇ ದಪ್ಪಗೆ ಬರೆದ. "ಉದ್ದ ಹೆಸರಿನ ಭಾಷೆಗಳಿಗೆ ಏನ್ಮಾಡ್ತೀರಿ?" ಎಂದು ಒಡತಿ ಕೇಳಿದರು. ಒಂದೊಂದನ್ನೂ ಕೂತು ನೋಡಬೇಕು, ಎಂದ. ಆ ಉತ್ತರ ಹೇಳುವಾಗಲೇ ಅವನಿಗೆ ಮುಂದಿನ ತಿಂಗಳುಗಳೆಲ್ಲ ಕಣ್ಣ ಮುಂದೆ ಬಂದವು. ಆದರೂ ಈ ಸಲ ಕೇಳದೆ ಬಿಡಲಿಲ್ಲ. ಒಂದೊಂದು ಭಾಷೆಯವರಿಗೂ ಬರೆದು, ನಿಮ್ಮಲ್ಲಿ ಕೆಲಸದ ನಡುವೆ ಇದನ್ನು ಹೇಗೆ ನೋಡುತ್ತೀರಿ ಎಂದು ಕೇಳಿದ. ಅರ್ಧ ಜನ ಉತ್ತರಿಸಲಿಲ್ಲ. ಉಳಿದರ್ಧ ಜನ ಅಗತ್ಯಕ್ಕಿಂತ ಹೆಚ್ಚು ಉತ್ತರಿಸಿದರು.

ದೊಡ್ಡಾಸ್ಪತ್ರೆ ಭಾನುವಾರವನ್ನೇ ಮೊದಲಿಗೆ ಇಟ್ಟುಕೊಂಡಿತು. ವಾರ ಕಳೆಯುವಷ್ಟರಲ್ಲಿ ಮಕ್ಕಳ ವಾರ್ಡಿನವರು ತಮಗೆ ಸೋಮವಾರವೇ ಚೆನ್ನಾಗಿತ್ತು ಎಂದು ಫೋನ್ ಮಾಡಿದರು. ಅವನಿಗೆ ನಗು ಬಂತು. ಅದಕ್ಕೂ ಒಂದು ದಾರಿ ಮಾಡಿಕೊಟ್ಟ. ನಾಲ್ಕು ಮೆಮೋಗಳು ದೊಡ್ಡ ಸಿಸ್ಟರ್ ಜೇಬಿನಿಂದ ಹೊರಗೆ ಬರಲಿಲ್ಲ. ಅವರೇನೂ ಹರಿದೆ ಎಂದು ಹೇಳಲಿಲ್ಲ, ಇವರ್ಯಾರೂ ಕೇಳಲಿಲ್ಲ.

ಅವಳ ನಿಜವಾದ ರಜೆಯ ದಿನ, ಆ ಸೋಮವಾರದ ಮರುದಿನ ಮಂಗಳವಾರ, ಅವನು ಮಧ್ಯಾಹ್ನವೇ ಆಫೀಸಿನಿಂದ ಎದ್ದು ಮನೆಗೆ ಬಂದುಬಿಟ್ಟಿದ್ದ. ಒಡತಿ ನೋಡಿಯೂ ನೋಡದ ಹಾಗೆ ಇದ್ದರು. ಅವಳು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನೂ ಎದುರಿಗೆ ಕೂತ.

"ಅಜ್ಜಿ ಹೇಗಿದಾರೆ?"

"ಇದಾರೆ. ನಿನ್ನೆ ನಿಮ್ಮನ್ನ ನೋಡಿ, ಯಾರಮ್ಮ ಅದು, ಸಾವಿನ ಮನೆಗೆ ಬಂದವರ ಥರ ನಿಂತಿದ್ರು ಅಂತ ಕೇಳಿದ್ರು."

"ನೀನೇನಂದೆ?"

"ನಮ್ಮನೆಯವ್ರು, ಯಾವಾಗ್ಲೂ ಹಾಗೇ ಇರ್ತಾರೆ ಅಂದೆ."

ಅವನು ನಕ್ಕ. ಅವಳೂ ನಕ್ಕಳು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ದೂರದೇಶದ ಹೋಟೆಲಿನವರು. ಹೊಸ ಚೌಕದಲ್ಲಿ ಬುಧವಾರದ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿದೆಯಂತೆ.

"ನಾಳೆ ನೋಡ್ತೀನಿ," ಎಂದ.

ಆ ಕಡೆಯವನು ಪಾಪ, ಗಂಭೀರವಾಗಿಯೇ ಕೇಳಿದ: ನಾಳೆ ಅಂದರೆ ನಿಮ್ಮ ನಾಳೆಯೋ, ನಮ್ಮ ನಾಳೆಯೋ?

ತಾರೀಕಪ್ಪ ಸ್ವಲ್ಪ ಯೋಚಿಸಿ, "ಎರಡರಲ್ಲಿ ಯಾವುದು ತಡವಾಗಿ ಬರುತ್ತೋ ಅದು," ಎಂದು ಫೋನಿಟ್ಟು, ಬಟಾಣಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.