ಲೇತಿನ ಹಿಡಿಕೆಯ ಮೇಲಿನ ಕುಂಕುಮ

ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಕಲಿಸುತ್ತೇನೆ. ಸಿಇಟಿ ರ‍್ಯಾಂಕ್ ಬಂದ ಮೇಲೆ ನನ್ನ ವಿದ್ಯಾರ್ಥಿಗಳ ಜೊತೆ ಇಂಜಿನಿಯರಿಂಗ್ ಕಾಲೇಜುಗಳನ್ನು ನೋಡಲು ಹೋಗುವುದು ನಾನಾಗಿಯೇ ತಲೆಗೆ ಕಟ್ಟಿಕೊಂಡ ಕೆಲಸ. ಹಿಂದೊಮ್ಮೆ ನಾನು ಕಣ್ಣಲ್ಲೂ ನೋಡದ ಕಾಲೇಜೊಂದನ್ನು ಚೆನ್ನಾಗಿದೆ ಎಂದು ಒಬ್ಬಳಿಗೆ ಹೇಳಿಬಿಟ್ಟಿದ್ದೆ. ಎರಡು ವರ್ಷದ ಮೇಲೆ ಅವಳು ಜಯನಗರದ ಬಸ್ ಸ್ಟಾಪಿನಲ್ಲಿ ಸಿಕ್ಕಿ, "ನೀವು ಹೇಳಿದ್ರಿ ಅಂತ ಸೇರ್ಕೊಂಡೆ ಮಿಸ್" ಎಂದಳು. ನಗುತ್ತಲೇ ಅಂದಳು. ಆ ನಗು ಇನ್ನೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕುಡಿಯುವ ನೀರು ಹೇಗಿದೆ, ಬಸ್ಸಿಳಿದು ಎಷ್ಟು ನಡೆಯಬೇಕು, ಹುಡುಗಿಯರ ಟಾಯ್ಲೆಟ್ಟಿಗೆ ಚಿಲಕ ಇದೆಯೇ, ಗೇಟಿನ ಹತ್ತಿರ ನಾಯಿಗಳೆಷ್ಟು. ನಾಯಿಗಳಿಗೆ ಬೇರೆಯೇ ಒಂದು ಕಾಲಂ ಇದೆ. ಬರೆದವಳು ಫಿಸಿಕ್ಸ್ ಮೇಡಂ ಎನ್ನುವುದಕ್ಕೆ ಮಾತ್ರ ಆ ಪುಸ್ತಕದಲ್ಲಿ ಒಂದು ಸಾಕ್ಷಿಯೂ ಇರಲಿಲ್ಲ.

ಕಳೆದ ವರ್ಷದ ಜೂನ್‌ನಲ್ಲಿ ನನ್ನ ಜೊತೆ ಬಂದವಳು ಬಿಟಿಎಂನಲ್ಲಿ ಬಾಡಿಗೆಗಿರುವ, ವಿಜಯಪುರದ ಕಡೆಯ ಮನೆಯ ಹುಡುಗಿ. ಅಪ್ಪ ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹುಡುಗಿ ಮೆಕ್ಯಾನಿಕಲ್ ಓದಬೇಕೆಂದು ಹಟ ಹಿಡಿದಿದ್ದಳು. ಅವಳ ರ‍್ಯಾಂಕಿಗೆ ಎರಡು ಕಾಲೇಜುಗಳು ಸಿಗುವ ಹಾಗಿದ್ದವು. ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಒಂದನೆಯದಾಗಿ ಹಾಕುವುದು ಎಂಬುದೇ ಪ್ರಶ್ನೆ. ಒಂದನೆಯದು ಸಿಕ್ಕಿಬಿಟ್ಟರೆ ಎರಡನೆಯದರ ಮಾತೇ ಇಲ್ಲ. ನಾಲ್ಕು ವರ್ಷ ಅಲ್ಲೇ.

ಅಪ್ಪನ ಮನಸ್ಸು ಅರೆಕೆರೆ ದಾಟಿ ಇದ್ದ ಗಾಜಿನ ಕಟ್ಟಡದ ಕಾಲೇಜಿನ ಮೇಲಿತ್ತು. ಶನಿವಾರ ಬೆಳಿಗ್ಗೆ ಮೂವರೂ ಮೊದಲು ಅಲ್ಲಿಗೇ ಹೋದೆವು.

"ನೋಡ್ರಿ ಮೇಡಂ, ಏರ್‌ಪೋರ್ಟ್ ಇದ್ದಂಗ ಅದ!" ಎಂದರು ಅವರು.

ನಾನು ಟಾಯ್ಲೆಟ್ ನೋಡಿ ಬಂದು ನೋಟ್‌ಬುಕ್ಕಿನಲ್ಲಿ ಎರಡು ಟಿಕ್ ಹಾಕಿದೆ. ನಾಯಿಗಳೂ ಇರಲಿಲ್ಲ. ಅಡ್ಮಿಷನ್ ವಿಭಾಗದ ಯುವಕನೊಬ್ಬ ನಮ್ಮನ್ನು ವರ್ಕ್‌ಶಾಪಿಗೆ ಕರೆದೊಯ್ದ. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಗಳು ಸಾಲಾಗಿ ನಿಂತು ಮಿರಮಿರ ಮಿಂಚುತ್ತಿದ್ದವು. ಹುಡುಗಿ ಒಂದರ ಹತ್ತಿರ ಹೋಗಿ ಬಗ್ಗಿದಳು. ನಮ್ಮ ಕಾಲೇಜಿನಲ್ಲಿ ಅವಳದು ಅಚ್ಚ ಬೆಂಗಳೂರು ಕನ್ನಡ. ಮಾತು ಎದೆಯಿಂದ ಬಂದಾಗ ಮಾತ್ರ ಮನೆಯ ಕನ್ನಡ ಹೊರಬೀಳುತ್ತದೆ.

"ಮಿಸ್, ಆಯುಧಪೂಜೆದು ಕುಂಕುಮ ಇನ್ನೂ ಹಂಗೇ ಅದ."

"ಇರ್ಲಿ ಬಿಡು, ಭಕ್ತಿ ಇದೆ ಅಂತಾಯ್ತು."

"ಹಂಗಲ್ರೀ. ಹಿಡಿಕಿ ಮ್ಯಾಲೆ ಅದ. ಪೂಜಾ ಆಗಿ ಎಂಟ್ ತಿಂಗಳಾತು. ನಮ್ಮವ್ವನ ಹೊಲಿಗಿ ಮಷಿನ್ ಚಕ್ರದ ಮ್ಯಾಲಿಂದು ಎರಡ ದಿನದಾಗ ಹೋಗ್ತದ. ಇದನ್ನ ಯಾರೂ ಮುಟ್ಟೇ ಇಲ್ಲ."

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಸಾಲಿನ ಉದ್ದಕ್ಕೂ, ಕೈ ಹಿಡಿದು ತಿರುಗಿಸಬೇಕಾದ ಪ್ರತಿ ಹಿಡಿಕೆಯ ಮೇಲೂ ಗಂಧದ ಮೇಲೆ ದುಂಡನೆಯ ಕುಂಕುಮ, ಆಗತಾನೇ ಇಟ್ಟ ಹಾಗೆ.

"ಅದು... ಮಧ್ಯ ರಜೆ ಇತ್ತಲ್ಲ ಮೇಡಂ" ಎಂದ ಯುವಕ.

"ಎಂಟು ತಿಂಗಳಾ ಸಾರ್?" ಹುಡುಗಿ ಕೇಳಿದಳು, ಮರಳಿ ಅಚ್ಚ ಬೆಂಗಳೂರು ಕನ್ನಡದಲ್ಲಿ.

ಎರಡನೆಯ ಕಾಲೇಜಿಗೆ ಹೊರಟ ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ಎಂದಿನಂತೆ ನಿಂತಿತು. ಅಪ್ಪ ನನ್ನ ಕಡೆ ತಿರುಗಿದರು. "ನಮ್ಮ ಆಫೀಸ್ ಗೇಟಿಗೆ ವರ್ಷಾ ವರ್ಷಾ ನಾನ ಕುಂಕುಮ ಹಚ್ಚತೀನ್ರಿ ಮೇಡಂ. ಸಂಜಿಮಟ ಸುದ್ದಾ ಉಳಿಯಂಗಿಲ್ಲ."

ಇಟ್ಟಮಡು ಕಡೆಯ ಎರಡನೆಯ ಕಾಲೇಜಿನ ಗೋಡೆಯಲ್ಲಿ ಸುಣ್ಣ ಉದುರಿತ್ತು. ಗೇಟಿನಲ್ಲಿ ಐದು ನಾಯಿಗಳು. ವರ್ಕ್‌ಶಾಪಿನೊಳಗೆ ಕಾಲಿಡುವ ಮೊದಲೇ ಅಲ್ಲಿನ ಅಟೆಂಡರ್ ಗದರಿದರು. "ರೀ ಮೇಡಂ, ಸೆರಗು ಹಿಡ್ಕೊಳ್ರೀ! ಮಷಿನ್ ಓಡ್ತಿರೋದು ಕಾಣ್ಸಲ್ವಾ?"

ಹಿಡಿಕೆಗಳೆಲ್ಲ ಕೈಯಾಡಿ ಸವೆದು ಕಪ್ಪಗೆ ಹೊಳೆಯುತ್ತಿದ್ದವು. ಹುಡುಗಿ ಹುಡುಕಿ ಹುಡುಕಿ, ಯಾರ ಕೈಯೂ ತಲುಪದ ಮೋಟಾರಿನ ಹಿಂಬದಿಯಲ್ಲಿ ಒಂದಿಷ್ಟು ಕೆಂಪು ಕಂಡು ಅಪ್ಪನನ್ನು ಕರೆದು ತೋರಿಸಿದಳು. ಅಷ್ಟರಲ್ಲಿ ನಾನು ನನ್ನ ತನಿಖೆ ಮುಗಿಸಿ ದುಃಖದ ಮುಖ ಹೊತ್ತು ಬಂದಿದ್ದೆ.

"ಟಾಯ್ಲೆಟ್ಟಿಗೆ ಚಿಲಕಾನೇ ಇಲ್ಲ ಕಣೇ."

"ಚಿಲಕ ನಾನೇ ಮಾಡಿ ಹಾಕ್ತೀನಿ ಬಿಡಿ ಮಿಸ್. ಲೇತ್ ಇದ್ಯಲ್ಲ."

ಅಟೆಂಡರ್ ಮೊದಲ ಸಲ ನಕ್ಕರು.

ಸೋಮವಾರ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಆಪ್ಷನ್ ಎಂಟ್ರಿಗೆ ಕೂತೆವು. ಗಾಜಿನ ಕಟ್ಟಡದ ಹೆಸರು ಪರದೆಯ ಮೇಲೆ ಬಂದಾಗ ಅಪ್ಪ ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ, "ಒಂದನೇದ್ದು ಆಕಿ ಅಂದದ್ದ ಹಾಕ್ರಿ" ಎಂದರು. ಇಟ್ಟಮಡು ಕಡೆಯ ಕಾಲೇಜು ಒಂದನೆಯ ಜಾಗದಲ್ಲೇ ಇದೆಯೇ ಎಂದು ನಾನು ನಾಲ್ಕು ಸಲ ಪರೀಕ್ಷಿಸಿದೆ. ಐದನೆಯ ಸಲಕ್ಕೆ ಹುಡುಗಿ ಮೌಸ್ ಕಿತ್ತುಕೊಂಡು, "ಮಿಸ್, ನೀವು ನೀರು ಕುಡೀರಿ" ಎಂದಳು. ಮುಂದೆ ಅವಳಿಗೆ ಸಿಕ್ಕಿದ್ದು ಅದೇ ಸೀಟು.

ಆ ಸೋಮವಾರ ಅವರು ಹೋದ ಮೇಲೆ ಏನೋ ಹೊಳೆದು ನಮ್ಮ ಫಿಸಿಕ್ಸ್ ಲ್ಯಾಬಿನ ಬೀರು ತೆಗೆದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಆರು ಸ್ಪೆಕ್ಟ್ರೋಮೀಟರುಗಳಲ್ಲಿ ಎರಡರ ತಿರುಪಿನ ಮೇಲೆ ಕುಂಕುಮ ದುಂಡಗೆ ಕೂತಿತ್ತು. ಮೊದಲು ಕೈ ಹೋದದ್ದು ಒರೆಸುವ ಬಟ್ಟೆಗೆ, ಸುಳ್ಳೇಕೆ ಹೇಳಲಿ. ಒರೆಸಲಿಲ್ಲ. ಮುಂದಿನ ಪ್ರಾಕ್ಟಿಕಲ್ ದಿನ ಆ ಎರಡನ್ನೇ ಮುಂದಿನ ಮೇಜಿಗೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಬೆರಳುಗಳು ಕೆಂಪಾಗಿದ್ದವು.

ಈಗ ನೋಟ್‌ಬುಕ್ಕಿನಲ್ಲಿ ನಾಯಿಗಳ ಪಕ್ಕ ಇನ್ನೊಂದು ಕಾಲಂ ಇದೆ: ಕುಂಕುಮ. ಈ ವರ್ಷದ ಮಕ್ಕಳ ತಂದೆ ತಾಯಿ ಇದೇನು ಮೇಡಂ ಎಂದು ಕೇಳುತ್ತಾರೆ. ಇದನ್ನು ಕಂಡುಹಿಡಿದವಳು ನನ್ನ ವಿದ್ಯಾರ್ಥಿನಿ ಎಂದು ಪೂರ್ತಿ ಕತೆ ಹೇಳುತ್ತೇನೆ. ಅವಳಿಗೆ ಪಾಠ ಮಾಡಿದ್ದು ನಾನು ಎಂದು ಮಾತ್ರ ಸೇರಿಸುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತೇನೆ, ಅವರೇ ಹೇಳಲಿ ಅಂತ.