ಮಿರ್ಜಾನದ ಬಳಚು ಮತ್ತು ನನ್ನ ಸುಳ್ಳು

ಸುಳ್ಳು ಹೇಳಿದವಳು ನಾನು, ನಾಗಕ್ಕನಲ್ಲ. ಮಿರ್ಜಾನದ ಹೊಳೆಯ ಬಳಚಿಗೆ, ಅಂದರೆ ಚಿಪ್ಪುಮೀನಿಗೆ, ಕೆಟ್ಟ ಹುಳ ಬಿದ್ದಿದೆ, ತಿಂದರೆ ಅಪಾಯ ಎಂಬ ಸುದ್ದಿ ಹುಟ್ಟಿದ್ದು ನನ್ನ ಬಾಯಲ್ಲಿ — ಆಗ ಪಿಎಚ್‌ಡಿ ಮಾಡುತ್ತಿದ್ದ, ಹಳದೀಪುರದ ಮಾಸ್ತರರ ಮಗಳ ಬಾಯಲ್ಲಿ. ಇಷ್ಟು ವರ್ಷ ಅದರ ಕೆಟ್ಟ ಹೆಸರನ್ನು ಹೊತ್ತವಳು ನಾಗಕ್ಕ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಂಶೋಧನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಪರಾವಲಂಬಿ ಜೀವಿಗಳ ಬೆನ್ನು ಹತ್ತಿ ಜೀವಮಾನ ಕಳೆದೆ, ಅದಕ್ಕೆ ನಾಚಿಕೆಯಿಲ್ಲ. ಚಿಪ್ಪಿನೊಳಗೆ ಕೂತು ಬಳಚಿನ ಸಂತಾನಶಕ್ತಿಯನ್ನೇ ತಿಂದು ಮುಗಿಸುವ, ಆದರೂ ಅದನ್ನು ಸಾಯಲು ಬಿಡದ ಆ ಪುಟ್ಟ ಹುಳವನ್ನು ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡಾಗ ಊಟ ಮರೆತಿದ್ದೆ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ, ನಮ್ಮ ಹೊಟ್ಟೆಯಲ್ಲಿ ಅದು ಬದುಕುವುದೇ ಇಲ್ಲ. ಇದು ನನಗೆ ಆಗಲೇ ಗೊತ್ತಿತ್ತು — ಇದೊಂದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಹುಳ ಹಿಡಿದ ಬಳಚು ಹೇಗೆ ಬೆಳೆಯುತ್ತದೆ ಎಂದು ನೋಡಲು ಹೊಳೆಯ ನಡುವಿನ ಒಂದು ದಿಬ್ಬದ ಬಳಚುಗಳಿಗೆ ಬಣ್ಣದ ಗುರುತು ಹಾಕಿ ಅಲ್ಲೇ ಬಿಟ್ಟಿದ್ದೆ. ಉಬ್ಬರದ ನೀರು ಇಳಿದಾಗ ಊರಿನ ಹೆಂಗಸರು ಬಂದು ಎಲ್ಲವನ್ನೂ ಹೆಕ್ಕಿಕೊಂಡು ಹೋಗುತ್ತಿದ್ದರು. ನನ್ನ ಗುರುತಿನ ಬಳಚು ಕುಮಟೆಯ ಪೇಟೆಯಲ್ಲಿ ಮಾರಿಹೋಗುತ್ತಿತ್ತು. ದಿಬ್ಬದ ಒಂದು ಮೂಲೆ ನನಗೆ ಬಿಡಿ ಎಂದು ಕೇಳಬಹುದಿತ್ತು. ಕೇಳಿದ್ದರೆ ಬಿಡುತ್ತಿದ್ದರೋ ಏನೋ — ನಾನು ಕೇಳಲೇ ಇಲ್ಲ. ಇಲ್ಲ ಅಂದುಬಿಟ್ಟರೆ? ಕೆಸರು ಮೆತ್ತಿಕೊಂಡು ನಿಂತ ಹೆಂಗಸರ ಬಾಯಿಂದ ಇಲ್ಲ ಅನ್ನಿಸಿಕೊಳ್ಳುವುದು — ಅಷ್ಟು ಜಂಬ ನನಗೆ.

ನಾಗಕ್ಕ ಅವರಲ್ಲೆಲ್ಲ ಹಿರಿಯಳು. ನನ್ನನ್ನು ತನ್ನ ದೋಣಿಯಲ್ಲಿ ದಿಬ್ಬಕ್ಕೆ ಬಿಡುತ್ತಿದ್ದವಳು, ಮಧ್ಯಾಹ್ನ ತನ್ನ ಗಂಜಿಯಲ್ಲಿ ಪಾಲು ಕೊಡುತ್ತಿದ್ದವಳು. ಅವಳಿಗೇ ಹೇಳಿದೆ.

"ನಾಗಕ್ಕ, ಈ ದಿಬ್ಬದ ಬಳಚಿಗೆ ಹುಳ ಬಿದ್ದದೆ. ತೆಗೂದು ಬ್ಯಾಡ."

"ತಿಂದ್ರೆ ಎಂತ ಆತದೆ ತಂಗೀ?"

"ಹೇಳೂಕೆ ಬರೂದಿಲ್ಲ. ಮಕ್ಕಳಿಗಂತೂ ಕೊಡೂದೇ ಬ್ಯಾಡ."

"ಆತು. ನೀ ಕಲ್ತವ್ಳು. ಎಲ್ಲರಿಗೂ ಹೇಳ್ತೆ."

ಹೇಳಿದಳು. ಮಕ್ಕಳ ಮಾತು ಬಂದ ಮೇಲೆ ಯಾವ ತಾಯಿ ಧೈರ್ಯ ಮಾಡುತ್ತಾಳೆ? ಆ ದಿಬ್ಬದ ಕಡೆ ಯಾರೂ ಸುಳಿಯಲಿಲ್ಲ, ನನ್ನ ಕೆಲಸ ಹೂ ಎತ್ತಿದ ಹಾಗೆ ಸಾಗಿತು. ಸುದ್ದಿ ಮಾತ್ರ ದಿಬ್ಬದಲ್ಲಿ ನಿಲ್ಲಲಿಲ್ಲ. ಕುಮಟೆಯಲ್ಲಿ, ಹೊನ್ನಾವರದಲ್ಲಿ, ಮಿರ್ಜಾನದ ಬಳಚು ಅಂದರೆ ಸಾಕು, ಜನ ಬುಟ್ಟಿಯ ಹತ್ತಿರವೂ ಬರುತ್ತಿರಲಿಲ್ಲ.

ಕೊನೆಗೆ ಹೆಂಗಸರೆಲ್ಲ ಸೇರಿ, ನಾಗಕ್ಕನನ್ನೂ ಕರೆದುಕೊಂಡು, ದೋಣಿ ನಿಲ್ಲುವ ದಂಡೆಯಲ್ಲಿ ನನ್ನನ್ನು ತಡೆದರು. ಅಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ನಿಜ ಹೇಳಿದ್ದರೆ ನಷ್ಟವೇನೂ — ಇಲ್ಲ, ನಷ್ಟವಿತ್ತು. ಊರವರನ್ನು ಹೆದರಿಸಿ ಬರೆದ ಪ್ರಬಂಧ ಎಂದು ಗೈಡ್‌ಗೆ ತಿಳಿದರೆ...

"ಹುಳದ ಮಾತು ನೀನೇ ಹೇಳಿದ್ದು ಹೌದಾ?" ಎಂದು ಕೇಳಿದರು. ನಾಗಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾ ಹಾಂಗೆ ಹೇಳ್ಲೇ ಇಲ್ಲ," ಎಂದೆ.

ದಿಬ್ಬವನ್ನು ತಾನೊಬ್ಬಳೇ ಬಾಚಿಕೊಳ್ಳಲು ನಾಗಿ ಕಟ್ಟಿದ ಕಥೆ ಎಂದು ಊರು ತೀರ್ಮಾನಿಸಿತು. ಆಮೇಲೆ ಅವಳ ಜೊತೆ ಯಾರೂ ಹೊಳೆಗಿಳಿಯಲಿಲ್ಲ. ತುಂಬಿದ ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಡಲೂ ಯಾರೂ ಬರಲಿಲ್ಲ. ಅವಳು ಊರು ಬಿಟ್ಟು, ಭಟ್ಕಳದ ಪಕ್ಕದ ಹೆಬಳೆಯಲ್ಲಿದ್ದ ಮಗಳ ಮನೆ ಸೇರಿದಳು. ನಾನು ಡಾಕ್ಟರೇಟ್ ಪಡೆದೆ, ಪ್ರೊಫೆಸರ್ ಆದೆ, ಶಾಲು ಹೊದಿಸಿಕೊಂಡೆ.

ನಿಜವಾದ ಪರಾವಲಂಬಿ ನಾನೇ ಎಂದು ಬರೆದು ನಾಲ್ಕು ಹನಿ ಕಣ್ಣೀರು ಹಾಕಬಹುದು. ಹಾಕುವುದಿಲ್ಲ. ಆ ಹುಳಕ್ಕೆ ಬೇರೆ ದಾರಿಯಿರಲಿಲ್ಲ, ನನಗಿತ್ತು. ನಿವೃತ್ತಿಯಾಗಿದೆ, ಈಗ ಯಾಕೆ ಕೆದಕುತ್ತೀರಿ ಎಂದು ಸಹೋದ್ಯೋಗಿಗಳು ಬುದ್ಧಿ ಹೇಳುತ್ತಾರೆ. ಸಂಸ್ಥೆಯ ಮರ್ಯಾದೆ ಹೋಗುತ್ತದಂತೆ! ಹೋದರೆ ಹೋಗಲಿ. ಒಬ್ಬ ಹೆಂಗಸಿನ ಮರ್ಯಾದೆ ಹೋದಾಗ ಇವರಿಗೆ ನಿದ್ದೆ ಕೆಟ್ಟಿರಲಿಲ್ಲ — ನನಗೂ ಕೆಟ್ಟಿರಲಿಲ್ಲ.

ಹೋದ ವಾರ ಹೆಬಳೆಗೆ ಹೋದೆ. ನಾಗಕ್ಕನ ಕಣ್ಣು ಮಂಜಾಗಿದೆ, ದನಿ ಹಾಗೇ ಇದೆ. ನಾನು ಮಾತು ಶುರು ಮಾಡುತ್ತಿದ್ದಂತೆಯೇ ಕೈ ಅಡ್ಡ ಹಿಡಿದಳು.

"ನಂಗೆಂತಕೆ ಹೇಳೂದು? ದಂಡೇಲಿ ನೀ ಇಲ್ಲ ಅಂದಾಗ್ಲೇ ಹುಳದ ಮಾತೂ ಸುಳ್ಳು ಅಂತ ನಂಗೆ ಗೊತ್ತಾಗಿತ್ತು. ಗೊತ್ತಿಲ್ದವ್ರು ಮಿರ್ಜಾನದಲ್ಲಿ ಇದ್ದಾರೆ. ಅವ್ರಿಗೆ ಹೇಳು."

ನೀನೂ ಬಾ ಎಂದೆ.

"ನಾ ಎಂತಕೆ ಬರೂದು?" ಎಂದು ಮುಖ ತಿರುಗಿಸಿದಳು.

ನಾಳೆ ನೀರು ಇಳಿಯುವ ಹೊತ್ತಿಗೆ ಒಬ್ಬಳೇ ಮಿರ್ಜಾನಕ್ಕೆ ಹೋಗುತ್ತೇನೆ. ಅಂದಿನ ಹೆಂಗಸರು ಕೆಲವರು ಬದುಕಿದ್ದಾರೆ, ಉಳಿದವರು ಅವರ ಸೊಸೆಯರು. ಆಗ ವಯಸ್ಸು ಚಿಕ್ಕದಿತ್ತು, ತಿಳಿವಳಿಕೆ ಇರಲಿಲ್ಲ ಎಂದೆಲ್ಲ ಹೇಳುವುದಿಲ್ಲ. ಅವತ್ತು ಅವರು ಕೇಳಿದ ಪ್ರಶ್ನೆಗೆ ಹೌದು ಎನ್ನುತ್ತೇನೆ. ಬೈದರೆ ನಿಂತು ಬೈಸಿಕೊಳ್ಳುತ್ತೇನೆ. ಹೋಗಲಿ ಬಿಡು ಎಂದು ಅವರೇನಾದರೂ ಅಂದರೆ ಒಪ್ಪುವುದಿಲ್ಲ. ಕ್ಷಮಿಸಬೇಕಾದವಳು ಹೆಬಳೆಯಲ್ಲಿದ್ದಾಳೆ. ಅವಳು ಕ್ಷಮಿಸಿಲ್ಲ.