ಅತ್ತೆ ಬೊಟ್ಟಿಟ್ಟ ಕಲ್ಲು

ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಯಾರನ್ನೂ ಸುಮ್ಮನೆ ನಂಬುವವಳಲ್ಲ. ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ. "ಪ್ಯಾಕೆಟ್ಟಿಗೆ ಯಾರು ನೀರು ಬೆರೆಸ್ತಾರತ್ತೆ?" ಅಂದರೆ, "ಬೆರೆಸೋನು ನಿನ್ನ ಕೇಳಿ ಬೆರೆಸ್ತಾನೇನೋ?" ಅನ್ನುತ್ತಾಳೆ. ನಾನು ಮಾತು ಕಲಿತಿದ್ದು ಅವಳ ಮಗ್ಗುಲಲ್ಲಿ. ಅನುಮಾನವನ್ನೂ ಒಂಚೂರು ಅಲ್ಲೇ ಕಲಿತೆ.

ಸುಂಕದಕಟ್ಟೆಯಲ್ಲಿ ನಮ್ಮ ಹಳೇ ರಾಗಿ ಹೊಲದ್ದು ಅಂತ ಉಳಿದಿದ್ದ ಕೊನೇ ತುಂಡು ಜಾಗವೂ ಮಾರಿಹೋಯಿತು. ಅಲ್ಲಿ ಬಿದ್ದಿದ್ದ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಎತ್ತಿಕೊಂಡು ಹೋಗಲು ಮಿನಿ ಟ್ರ್ಯಾಕ್ಟರಿನವನೊಬ್ಬ ಬಂದ. ರೆಸಾರ್ಟು, ದೊಡ್ಡ ಬಂಗಲೆಗಳ ಗಾರ್ಡನ್ನಿಗೆ ಅಂದಕ್ಕೆ ಕಲ್ಲು ಸಾಗಿಸುವುದೇ ಅವನ ಕೆಲಸ. ಅಷ್ಟು ಕಲ್ಲುಗಳಲ್ಲಿ ಅತ್ತೆಗೆ ಬೇಕಿದ್ದುದು ಒಂದೇ ಒಂದು. ಹುಡುಗಿಯಾಗಿದ್ದಾಗ ಕಳೆ ಕೀಳಲು ಹೋದವಳು ತನ್ನಮ್ಮನ ಜೊತೆ ಅದರ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳಂತೆ. ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಗೇಟಿನ ಪಕ್ಕ ಅದನ್ನು ಹಾಕಿಸಿಕೊಂಡು, ಮತ್ತೆ ಅದರ ಮೇಲೆ ಕೂರಬೇಕು. ಅವಳ ಆಸೆ ಇಷ್ಟೇ.

"ಆಯ್ತು ಬಿಡಮ್ಮ, ನಾಳೆ ನಿಮ್ಮ ಕಲ್ಲೇ ಫಸ್ಟು," ಅಂದ ಟ್ರ್ಯಾಕ್ಟರಿನವನು.

ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದಳು. "ನೋಡಿದ್ಯೇನೋ, ಕೇಳಿದ ತಕ್ಷಣ ಒಪ್ಕೊಂಡ. ಇದನ್ನ ಯಾವನೋ ಸಾಹುಕಾರನಿಗೆ ಕೊಟ್ಟು, ನಮ್ಮ ಮನೆ ಮುಂದೆ ಬೇರೆ ಯಾವುದೋ ಗುಂಡು ಉರುಳಿಸಿದ್ರೆ?"

"ಚಾಕ್‌ಪೀಸಲ್ಲಿ ಗುರುತು ಹಾಕೋಣ ಬಿಡು."

"ಚಾಕ್‌ಪೀಸು ಒರೆಸಿದ್ರೆ ಹೋಯ್ತು. ಕುಂಕುಮ ಒರೆಸೋಕೆ ಯಾವನಿಗಿದೆ ಧೈರ್ಯ?"

ಅವಳ ಬ್ಯಾಗಿನಲ್ಲಿ ದೇವಸ್ಥಾನದ ಅರಿಶಿನ ಕುಂಕುಮದ ಪೊಟ್ಟಣ ಸದಾ ಇರುತ್ತದೆ. ಬಾಟಲಿ ನೀರಿನಲ್ಲಿ ಕಲೆಸಿ, ಕಲ್ಲಿನ ನೆತ್ತಿಯ ಮೇಲೆ ಅಂಗೈಯಗಲ ಹಚ್ಚಿದಳು. ಬಲೇ ಉಪಾಯ ಅಂತ ನನಗೂ ಅನ್ನಿಸಿತು.

ಬೆಳಿಗ್ಗೆ ಹೋಗಿ ನೋಡುತ್ತೇವೆ, ಕಲ್ಲಿಗೆ ಚೆಂಡುಹೂವಿನ ಹಾರ! ಮುಂದೆ ಉರಿದು ಮುಗಿದ ಊದುಕಡ್ಡಿ, ಒಡೆದ ತೆಂಗಿನಕಾಯಿ, ನಿಂಬೆಹಣ್ಣು. ಆ ಬೀದಿಯ ಹೆಂಗಸರು ಸುತ್ತ ನಿಂತಿದ್ದಾರೆ. ಟ್ರ್ಯಾಕ್ಟರಿನವನು ಚಪ್ಪಲಿ ಬಿಟ್ಟು ದೂರ ನಿಂತಿದ್ದಾನೆ.

"ಸಾರ್, ನೀವು ಕಲ್ಲು ಅಂದ್ರಿ. ಇವರು ಮುನೇಶ್ವರ ಅಂತಾವ್ರೆ. ನಾನು ಚೈನ್ ಹಾಕಲ್ಲ."

"ಯಾವ ಮುನೇಶ್ವರನಯ್ಯ! ಬೊಟ್ಟಿಟ್ಟವಳು ನಾನು!" ಅಂದಳು ಅತ್ತೆ.

ನೈಟಿಯ ಮೇಲೆ ಟವೆಲ್ ಹೊದ್ದ ಹೆಂಗಸೊಬ್ಬಳು ಬಿಡಲಿಲ್ಲ. "ದೇವರಲ್ಲ ಅಂದ್ರೆ ಯಾಕೆ ಇಟ್ರಿ ಆಂಟಿ?"

"ಗುರುತಿಗೆ ಕಣಮ್ಮ."

"ಗುರುತಿಗಂತೆ! ಅಡಿಯಲ್ಲಿ ಏನೋ ಹೂತಿಟ್ಟವ್ರೆ, ಅದಕ್ಕೇ ಗುರುತು. ಇಲ್ಲಾಂದ್ರೆ ಒಂದು ಬಂಡೆಗೋಸ್ಕರ ಆರ್‌ಪಿಸಿ ಲೇಔಟಿಂದ ಬರ್ತಾರಾ?"

ಎಲ್ಲರ ಕಣ್ಣೂ ನನ್ನ ಕೈಚೀಲದ ಮೇಲೆ ಬಿತ್ತು. "ಅದ್ರಲ್ಲೇನಿದೆ ಸಾರ್?" ಅಂತ ಒಬ್ಬಳು ಕೇಳಿಯೇಬಿಟ್ಟಳು. ಇಡ್ಲಿ ಅಂದೆ. ಯಾರೂ ನಂಬಲಿಲ್ಲ, ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕಾಯಿತು. ಜೀವಮಾನವೆಲ್ಲ ಊರನ್ನೇ ಅನುಮಾನಿಸಿದ ಅತ್ತೆಗೆ ಅವತ್ತು ಮೈ ಉರಿದುಹೋಯಿತು. ಸೀದಾ ಹೋದಳು, ಹಾರವನ್ನು ಪಕ್ಕಕ್ಕೆ ಸರಿಸಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಮೇಲೆ ಕೂತೇಬಿಟ್ಟಳು.

"ದೇವರ ಮೇಲೆ ಯಾರಾದ್ರೂ ಕೂರ್ತಾರಾ? ನೋಡಿ, ಕೂತಿದೀನಿ. ಬರೀ ಕಲ್ಲು!"

ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅವಳ ಕಣ್ಣು ಕಿತ್ತುಹೋಗುತ್ತದೆಯೋ, ಕಾಲು ಬಿದ್ದುಹೋಗುತ್ತದೆಯೋ ಅಂತ ಕಾದರು. ಏನೂ ಆಗಲಿಲ್ಲ. ಆಗ ಹೂವು ಮಾರುವ ಮುದುಕಿಯೊಬ್ಬಳು ಬುಟ್ಟಿ ಕೆಳಗಿಟ್ಟು ಅಂದಳು:

"ಬ್ಯಾಡ ಅಂತಿದ್ರೆ ತಳ್ಳಿಬಿಡ್ತಿದ್ದ. ತೊಡೆ ಮ್ಯಾಲೆ ಕೂರಿಸ್ಕೊಂಡವ್ನೆ. ಇವಮ್ಮನ ಜೊತೆ ಹೋಗೋಕೆ ಒಪ್ಪವ್ನೆ, ಬಿಡ್ರಮ್ಮ."

ಅತ್ತೆ ಮತ್ತೆ ವಾದಕ್ಕೆ ಬಾಯಿ ತೆರೆದಳು. ನಾನು ಅವಳ ತೋಳು ಒತ್ತಿ ಹಿಡಿದೆ.

ಟ್ರ್ಯಾಕ್ಟರಿನವನು ಕೈಮುಗಿದು ಕೆಲಸಕ್ಕೆ ಇಳಿದ. ಟ್ರೇಲರ್ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಅದರ ಹಿಂಬದಿಗೆ ದಪ್ಪ ಹಲಗೆಗಳನ್ನು ಓರೆಯಾಗಿ ಇಟ್ಟ. ನಮ್ಮ ಕಲ್ಲನ್ನು ಹಾರೆಯಲ್ಲಿ ಮೀಟಿ, ಗೋಣಿಚೀಲ ಸುತ್ತಿ, ಚೈನ್ ಬಿಗಿದ. ಚೈನಿನ ಇನ್ನೊಂದು ತುದಿ ಟ್ರೇಲರಿನ ಮೇಲಿಂದ ಹಾದು ಟ್ರ್ಯಾಕ್ಟರಿಗೆ. ಎಳೆದಾಗ ಕಲ್ಲು ಕದಲಲಿಲ್ಲ, ಪುಟ್ಟ ಟ್ರ್ಯಾಕ್ಟರಿನ ಮುಂದಿನ ಚಕ್ರಗಳೇ ನೆಲ ಬಿಟ್ಟೆದ್ದವು. "ಹೋಗೋಕೆ ಮನಸ್ಸಿಲ್ಲ!" ಅಂದಳು ನೈಟಿಯವಳು. ಟ್ರ್ಯಾಕ್ಟರಿನ ಮೂತಿಗೆ ಮರಳಿನ ಮೂಟೆ ಕಟ್ಟಿದ ಮೇಲೆ ಮನಸ್ಸು ಬಂತು. ಕಲ್ಲು ಹಲಗೆಯ ಮೇಲೆ ನರಳುತ್ತ ಏರುವಾಗ ಹೆಂಗಸರೆಲ್ಲ ಅದು ಬಿಟ್ಟ ಗುಂಡಿಗೆ ಬಗ್ಗಿದರು. ಕೆಂಪು ಮಣ್ಣು, ಒಂದು ಜರಿಹುಳ. ಕಡ್ಡಿಯಲ್ಲಿ ಕೆದಕಿಯೂ ನೋಡಿದರು.

ಮಾಗಡಿ ರೋಡಿನುದ್ದಕ್ಕೂ ನಾವು ಆಟೋದಲ್ಲಿ ಅದರ ಹಿಂದೆಯೇ ಬಂದೆವು. "ಕಣ್ಣು ತೆಗೀಬೇಡಪ್ಪ," ಅಂತ ಅತ್ತೆ ಆಟೋದವನಿಗೆ ಹೇಳುತ್ತಲೇ ಇದ್ದಳು, "ದಾರೀಲಿ ಬದಲಾಯಿಸಿಬಿಟ್ಟಾನು." ಹಾರ ಹಾಕಿಕೊಂಡ ಇನ್ನೊಂದು ಕಲ್ಲು ಎಲ್ಲಿಂದ ತರುತ್ತಾನೆ ಅಂತ ಆಟೋದವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಕಲ್ಲು ಗೇಟಿನ ಪಕ್ಕ ಇದೆ. ತೆಂಗಿನ ನಾರಿನಲ್ಲಿ ಅತ್ತೆ ಎಷ್ಟು ಉಜ್ಜಿದರೂ ಸಂದಿಯ ಕುಂಕುಮ ಹೋಗಲಿಲ್ಲ. ಬಂದ ಮಾರನೇ ದಿನವೇ ಯಾರೋ ಅದರ ಮೇಲೆ ದಾಸವಾಳ ಇಟ್ಟು ಹೋದರು. ಯಾರೆಂದು ಇನ್ನೂ ಗೊತ್ತಿಲ್ಲ. ನನ್ನ ಮೇಲೂ ಅವಳಿಗೆ ಗುಮಾನಿ ಇದೆ. ಅದಕ್ಕೇ ಬೆಳಕು ಹರಿಯುವ ಮುಂಚೆ ಕಾಫಿ ಲೋಟ ಹಿಡಿದು ಅದರ ಮೇಲೆ ಕೂತುಬಿಡುತ್ತಾಳೆ, ವಾಕಿಂಗ್ ಹೋಗುವವರ ಕೈಗಳನ್ನೇ ನೋಡುತ್ತ.

"ಏನಮ್ಮ, ಆ ಹೂವು ಎಲ್ಲಿಗೆ?"

"ದೇವಸ್ಥಾನಕ್ಕೆ ಆಂಟಿ."

"ದೇವಸ್ಥಾನ ಆ ಕಡೆ. ಮುಂದಕ್ಕೆ ನಡೀರಿ."